ತೇಜಶ್ರೀಯ ಅಳತೆಯ ಕಡಗ

ಕಡಗ ಕವನಾಳ ಕೈಗೆ ಏರುತ್ತಲೇ ಇರಲಿಲ್ಲ. ಅತ್ತೆ ಮಲ್ಲಿಗಮ್ಮ ಅವಳನ್ನು ಬಚ್ಚಲ ಬಾಗಿಲಲ್ಲಿ ಕೂರಿಸಿಕೊಂಡು, ಬೆರಳ ಗೆಣ್ಣುಗಳಿಗೆ ಸೋಪು ಸವರಿ, ಹಲ್ಲು ಕಚ್ಚಿ ಒತ್ತುತ್ತಿದ್ದಳು. ಚಿನ್ನ ಮಾಡಿಸಿದ್ದು ನಾದಿನಿ ತೇಜಶ್ರೀಯ ತೆಳ್ಳನೆಯ ಕೈಯ ಅಳತೆಗೆ. ಕವನಾಳದ್ದೋ ಹಸು ಕರೆದು, ಹುಲ್ಲು ಕೊಯ್ದು ದಪ್ಪಗಾದ ಕೈ.

"ಬೆರಳು ಬಿಗೀಬ್ಯಾಡ ಕಣವ್ವ. ನಾಳೆ ಅವನ್ಗೆ ಕೈ ಎತ್ಬುಟ್ಟು ಬಾ, ಆಮ್ಯಾಲೆ ಬಿಚ್ಚಿ ತೇಜುಗೆ ಇಕ್ಕಾನ. ಇದ್ರಾಗೆ ಯಾರಪ್ಪನ ಗಂಟು ಓಯ್ತದೆ?"

ಅವನೆಂದರೆ ಗೌರೀಶ. ಜಗಲಿಯಲ್ಲಿ ಕವನಾಳ ಗಂಡ ಪೃಥ್ವಿರಾಜನ ಜೊತೆ ಕಾಫಿ ಕುಡಿಯುತ್ತಿದ್ದ. ನಾಳೆ ಅವನು ಪುರಸಭೆಯ ಅಧ್ಯಕ್ಷನಾಗಬೇಕು, ಆದಮೇಲೆ ಊರಂಚಿನ ದನ ಮೇಯುವ ಬಯಲನ್ನು ಸೈಟು ಮಾಡಿ ಮಾರಬೇಕು. ಆ ಬಯಲಿನ ವಾರ್ಡಿನಿಂದ ಗೆದ್ದವಳು ಕವನಾ. ಗೆದ್ದವಳು ಅವಳು, ಮೆಂಬರು ಅನ್ನಿಸಿಕೊಂಡು ಓಡಾಡುವವನು ಗಂಡ. ನಮ್ಮ ಕಡೆ ಇದೇನು ಹೊಸದಲ್ಲ ಬಿಡಿ. ಒಂದು ಕೈ ಕಡಿಮೆಯಾದರೂ ಗೌರೀಶನಿಗೆ ಬಹುಮತವಿಲ್ಲ, ಅದಕ್ಕೇ ತನ್ನ ಕಡೆಯ ಹೆಚ್ಚಿನ ಸದಸ್ಯರಿಂದ ಆಗಲೇ ದೇವಸ್ಥಾನದಲ್ಲಿ ಆಣೆ ಮಾಡಿಸಿಕೊಂಡಿದ್ದ. ಇದು ಕ್ರೈಸ್ತರ ಮನೆ, ಹಾಗಾಗಿ ಇಲ್ಲಿ ವೇದಪುಸ್ತಕ ಮುಟ್ಟಿಸುವುದೆಂದು ತೀರ್ಮಾನವಾಗಿತ್ತು. ಆಣೆಯಿಡುವ ಕೈಯಲ್ಲಿ ತಾನು ಕೊಟ್ಟ ಕಡಗ ಇರಬೇಕೆಂಬುದೂ ಅವನ ಷರತ್ತೇ.

ಮಲ್ಲಿಗಮ್ಮ ಕೆಟ್ಟವಳೆಂದು ಹೇಳಲು ನನಗೆ ಮನಸ್ಸಿಲ್ಲ. ಮಗಳಿಗೆ ಬಂದ ಸಂಬಂಧಗಳೆಲ್ಲ ಚಿನ್ನದ ಮಾತಿಗೇ ಮುರಿದುಬಿದ್ದಿದ್ದವು. ಈಗ ಬಂದಿದ್ದ ಚನ್ನರಾಯಪಟ್ಟಣದವರು ಕಡಗ ಹಾಕಿದರೆ ಮಾತ್ರ ಮದುವೆ ಎಂದಿದ್ದರು. ತಾಯಿಯ ಆಸೆ ಎಲ್ಲಿ ಮುಗಿದು ದುರಾಸೆ ಎಲ್ಲಿ ಶುರುವಾಯಿತೋ, ಅವಳಿಗೇ ತಿಳಿದಿರಲಿಲ್ಲ.

ಕಡಗ ಕೊನೆಗೂ ಚರ್ಮ ತರಚಿಕೊಂಡು ಒಳಗೆ ಹೋಯಿತು. ಕವನಾ ಕಣ್ಣೊರೆಸಿಕೊಂಡು ಜಗಲಿಗೆ ಬಂದಳು. ಅಲ್ಲಿ ಮಾವ ದೇವಯ್ಯ ಪುಸ್ತಕವನ್ನು ಟವೆಲಿನಿಂದ ಒರೆಸುತ್ತಾ ನಿಂತಿದ್ದ. ಚರ್ಚಿನ ಹಿರಿಯ, ಭಾನುವಾರಗಳಲ್ಲಿ ಬೋಧಿಸುವವ… ಅವನೂ ತಲೆಯೆತ್ತಿ ನೋಡಲಿಲ್ಲ. ಗಂಡನ ಆಸೆ ಅವಳಿಗೆ ಗೊತ್ತಿತ್ತು, ಅತ್ತೆಯ ಸಂಕಟವೂ ಗೊತ್ತಿತ್ತು. ಆದರೆ ಮಾವ?

"ಬ್ಯಾಗ ಇಡಮ್ಮ ಕೈಯ," ಎಂದ ಗೌರೀಶ. "ಇನ್ನೂ ಎರಡು ಮನೆ ಅವೆ ನಂಗೆ."

"ಇಡ್ತೀನಿ ಸಾ," ಎಂದಳು ಕವನಾ. ಆಮೇಲೆ ಮಾವನ ಕಡೆ ತಿರುಗಿದಳು. "ಮಾವಾ, ಓದ ಭಾನ್ವಾರ ಓದುದ್ರಲ್ಲ, ಊಟ ಬಟ್ಟೆ ಇದ್ರೆ ಅಷ್ಟ್ರಲ್ಲೇ ತೃಪ್ತಿಯಾಗಿರಿ ಅಂತ… ದುಡ್ಡಿನ ಆಸೆ ಬಿದ್ದೋರು ತಮ್ಮನ್ನ ತಾವೇ ತಿವ್ಕೊತಾರೆ ಅಂತ. ಮೊದ್ಲು ಆ ಭಾಗ ಓದ್ಬುಡಿ. ಓದುದ್ಮ್ಯಾಲೆ ನೀವು ಇಡು ಅಂದ್ರೆ, ನಾನು ಇಡ್ತೀನಿ."

"ಏಯ್, ನಾಟಕ ಸಾಕು ಕಣೆ," ಎಂದು ಪೃಥ್ವಿರಾಜ ಎದ್ದ. "ಆಣೆ ಇಡು, ಇಲ್ದಿದ್ರೆ ಕೊಣನೂರು ಬಸ್ ಅತ್ತು. ನಿಮ್ಮಪ್ಪನ ಮನೇಲಿ ಕೂತ್ಕೊಂಡು ಓದುಸ್ಕೊ."

ದೇವಯ್ಯ ಪುಟ ತೆರೆದ. ಅವನಿಗೆ ಬಾಯಿಪಾಠವೇ ಆಗಿದ್ದ ಭಾಗವದು. ತುಟಿ ಅಲುಗಿತು, ಸ್ವರ ಬರಲಿಲ್ಲ. ಮತ್ತೆ ಪ್ರಯತ್ನಿಸಿದ. ಆಮೇಲೆ ಪುಸ್ತಕ ಮುಚ್ಚಿ ಎದೆಗೆ ಒತ್ತಿಕೊಂಡು ಕೂತುಬಿಟ್ಟ.

"ನನ್ ಬಾಯಿಗೆ ಬತ್ತಾ ಇಲ್ಲ ಕಣವ್ವ… ಗೌರೀಶಪ್ಪ, ನಿನ್ ಚಿನ್ನ ನೀನು ತಕ್ಕಂಡೋಗು."

ತಕ್ಕೊಂಡು ಹೋಗುವುದು ಹೇಗೆ? ಕವನಾ ಎಷ್ಟು ಎಳೆದರೂ ಕಡಗ ಬರಲಿಲ್ಲ. ಮಣಿಕಟ್ಟು ಆಗಲೇ ಬಾತುಕೊಂಡಿತ್ತು. ಗೌರೀಶ ನಕ್ಕ. "ಅಲ್ಲೇ ಇರ್ಲಿ ಬುಡಮ್ಮ. ನನ್ ಕಡಗ ಆಕ್ಕೊಂಡು ಇನ್ನೊಬ್ನಿಗೆ ಎಂಗೆ ಕೈ ಎತ್ತೀಯೋ, ನಾನೂ ನೋಡ್ತೀನಿ."

ಆಗ ಒಳಗಿನಿಂದ ತೇಜಶ್ರೀ ಬಂದಳು. ಕೈಯಲ್ಲಿ ಅಣ್ಣನ ಕಟಿಂಗ್ ಪ್ಲೇಯರ್ ಇತ್ತು. ಅತ್ತಿಗೆಯ ಮುಂದೆ ಮಂಡಿಯೂರಿದಳು.

"ತೇಜು, ಬ್ಯಾಡ ಕಣವ್ವ," ಮಲ್ಲಿಗಮ್ಮ ಗೋಡೆ ಹಿಡಿದುಕೊಂಡಳು. "ಅದು ನಿನ್ ಬದುಕು."

"ನನ್ ಅಳತೆಗೆ ಮಾಡ್ಸಿದ್ದಲ್ವಾ ಅವ್ವ? ನಾನೇ ಕತ್ತರಿಸ್ತೀನಿ."

ಚಿನ್ನ ಬೇಗ ತುಂಡಾಗಲಿಲ್ಲ. ಇಬ್ಬರೂ ಅಳುತ್ತಿದ್ದರು, ಆದರೂ ಕವನಾ ಕೈ ಹಿಂದಕ್ಕೆ ತೆಗೆಯಲಿಲ್ಲ. ತುಂಡಾದ ಕಡಗವನ್ನು ತೇಜಶ್ರೀ ಗೌರೀಶನ ಮುಂದಿಟ್ಟಳು. ಅವನು ಅದನ್ನು ಜೇಬಿಗೆ ಹಾಕಿಕೊಂಡು, ಕಾಫಿಯನ್ನು ಅರ್ಧಕ್ಕೇ ಬಿಟ್ಟು ಹೊರಟುಹೋದ. ತೇಜಶ್ರೀ ಅಲ್ಲೇ ನಿಂತು ಚನ್ನರಾಯಪಟ್ಟಣಕ್ಕೆ ಫೋನ್ ಮಾಡಿದಳು.

"ಕಡಗ ಇಲ್ಲ. ಬರಿಗೈಲಿ ಒಪ್ಪೋದಾದ್ರೆ ಬನ್ನಿ."

 ಆ ಕಡೆಯಿಂದ ಫೋನ್ ಕಟ್ ಆಯಿತು. ತೇಜಶ್ರೀ ಕೊಟ್ಟಿಗೆಯ ಕಡೆಗೆ ಹೋದಳು.

ಮಲ್ಲಿಗಮ್ಮ ಬಚ್ಚಲಿಗೆ ಹೋಗಿ ಬಂದಾಗ ಕವನಾ ಹೊಡೆತಕ್ಕೆ ಸಿದ್ಧಳಾಗಿ ಕಣ್ಣು ಮುಚ್ಚಿದಳು. ಹೊಡೆತ ಬೀಳಲಿಲ್ಲ. ಅತ್ತೆ ಚೊಂಬಿನಲ್ಲಿ ನೀರು ತಂದು ಆ ಕೈಯನ್ನು ಮಡಿಲಿಗೆ ಎಳೆದುಕೊಂಡಿದ್ದಳು.

"ಸೋಪು ಅಂಗೇ ಅದೆ," ಎಂದಳು. "ಗಾಯ ಉರೀತದೆ."

ಅಪ್ಪನೇ ಚಿನ್ನ ಬೇಡವೆಂದ ಮೇಲೆ ಪೃಥ್ವಿರಾಜ ಮತ್ತೆ ಬಸ್ಸಿನ ಮಾತೆತ್ತಲಿಲ್ಲ; ಮರುದಿನ ಬೈಕು ತೆಗೆದು ಹೆಂಡತಿಯನ್ನು ಪುರಸಭೆಗೆ ಕರೆದೊಯ್ದ. ಮೊದಲ ಸಲ ತಾನು ಹೊರಗೇ ನಿಂತ. ಒಳಗೆ ಗೌರೀಶನ ಹೆಸರು ಕೂಗಿದಾಗ ಅವನ ಕಡೆಯವರ ಕೈಗಳು ಮೇಲೆದ್ದವು. ಅವರ ನಡುವೆ ಬಟ್ಟೆ ಸುತ್ತಿದ ಒಂದು ಕೈ ಮಾತ್ರ ಮಡಿಲಲ್ಲೇ ಇತ್ತು. ಆ ಒಂದು ಕೈ ಕಡಿಮೆಯಾಗಿ ಗೌರೀಶ ಸೋತ.