ಇಪ್ಪತ್ತೆರಡು ಸತ್ತ ಕಂಪ್ಯೂಟರುಗಳು

ಹದಿನೇಳು ವರ್ಷದ ಹಿಂದೆ ಕೊಂಡಾಗ ಒಂದು ಕಂಪ್ಯೂಟರಿನ ಬೆಲೆ ಎರಡು ಸಾವಿರದ ಎಂಟುನೂರ ಐವತ್ತು ಪೌಂಡು. ಇವತ್ತು ಗುಜರಿಯವನು ನೂರಹತ್ತು ಕೊಟ್ಟರೆ ಹೆಚ್ಚು. ಆದರೆ ಶಾಲೆಯ ಸುಪರ್ದಿ ವಹಿಯಲ್ಲಿ ಅದು ಇನ್ನೂ ಎರಡು ಸಾವಿರದ ಎಂಟುನೂರ ಐವತ್ತೇ. ಕಳೆದರೆ, ವಹಿಯಲ್ಲಿ ಹೆಸರಿರುವವರ ಸಂಬಳದಿಂದ ವಸೂಲಿ. ಅಂಥ ಇಪ್ಪತ್ತೆರಡು ಕಂಪ್ಯೂಟರು ಕಳವಾಗಿವೆ ಎಂಬ ದೂರು ಟಾಂಟಾ ರಸ್ತೆಯ ಕಫರ್ ಜೈದಾನ್ ಠಾಣೆಗೆ ಬಂದದ್ದು ಅಕ್ಟೋಬರ್ 15, ಭಾನುವಾರ ಬೆಳಿಗ್ಗೆ 8.40ಕ್ಕೆ. ತಂದವರು ಹೆಣ್ಣುಮಕ್ಕಳ ಸರಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯಿನಿ ಇನ್ಸಾಫ್.

"ಕಳ್ಳ ಯಾರು ಅಂತ ಹುಡುಕೋದೇ ಬೇಡ ಸಾಹೇಬರೆ," ಎಂದರು ಆಕೆ. "ಕಾವಲುಗಾರ ಬದವಿ. ಗೇಟಿನ ಬೀಗದ ಕೈ ಅವನ ಸೊಂಟದಲ್ಲೇ ಇರತ್ತೆ. ಮೊದಲು ಅವನನ್ನ ಒಳಗೆ ಹಾಕಿ."

"ಒಳಗೆ ಹಾಕೋದು ಸುಲಭ ಮೇಡಂ. ಆಮೇಲೆ ಹೊರಗೆ ತರೋದೇ ಕಷ್ಟ," ಎಂದು ಇನ್‌ಸ್ಪೆಕ್ಟರ್ ರಿದ್ವಾನ್ ಎಫ್‌ಐಆರ್ ದಾಖಲಿಸಿ, ಟೋಪಿ ಹಾಕಿಕೊಂಡು ಎದ್ದ.

10.15ಕ್ಕೆ ಸ್ಥಳ ಪಂಚನಾಮೆ. ಶುಕ್ರವಾರ, ಶನಿವಾರದ ರಜೆಯಲ್ಲಿ ಕೋಣೆ ಖಾಲಿಯಾಗಿತ್ತು. ಕಂಪ್ಯೂಟರ್ ಕೋಣೆಯ ಬೀಗ ಹಾಗೇ ಇತ್ತು. ಚಿಲಕದ ನಾಲ್ಕು ತಿರುಪು ಬಿಚ್ಚಿ, ಕಳೆದುಹೋಗದಂತೆ ಕಿಟಕಿಯ ಮೇಲೆ ಚಹಾದ ಲೋಟದಲ್ಲಿ ಹಾಕಿಟ್ಟಿದ್ದರು. ಹದಿನಾಲ್ಕು ಸಾವಿರ ಬೆಲೆಯ ಪ್ರೊಜೆಕ್ಟರ್ ಗೋಡೆಯಲ್ಲೇ ಇತ್ತು. ನೆಲದಲ್ಲಿ ಒಂದು ಕಡ್ಡಿ ಕಸವಿಲ್ಲ.

ಹವಾಲ್ದಾರ್ ಶಲಬಿ ನೆಲ ನೋಡಿ ತಲೆ ಆಡಿಸಿದ. "ನಮ್ಮನೇಲೂ ಇಷ್ಟು ಚೆನ್ನಾಗಿ ಗುಡಿಸಲ್ಲ ಸಾರ್. ಈ ಕಳ್ಳ ಸಿಕ್ಕಿದ್ರೆ ನನ್ನ ತಂಗೀನ ಕೊಟ್ಟು ಮದುವೆ ಮಾಡ್ತೀನಿ."

"ಮೊದಲು ಬರ್ಕೋ. ಆಮೇಲೆ ಬೀಗನಾಗು."

ವಹಿಯಲ್ಲಿ ಹೆಸರಿದ್ದದ್ದು ಕಂಪ್ಯೂಟರ್ ಶಿಕ್ಷಕಿ ನಗ್ವಾ ಅವರದು. ಐವತ್ತರ ಮೇಲಿನ ಹೆಂಗಸು, ಕನ್ನಡಕಕ್ಕೆ ದಾರ, ಬೆರಳಿಗೆ ಸೀಮೆಸುಣ್ಣ.

"ಎಷ್ಟು ಕೆಲಸ ಮಾಡ್ತಿದ್ವು?" ರಿದ್ವಾನ್ ಕೇಳಿದ.

"ಒಂದೂ ಇಲ್ಲ. ಕೊನೇದು ನಾಲ್ಕು ವರ್ಷದ ಹಿಂದೆ ಹೋಯ್ತು."

"ಮತ್ತೆ ಪಾಠ?"

"ಬೋರ್ಡಿನ ಮೇಲೆ ಕೀಲಿಮಣೆ ಬರೀತೀನಿ. ಮಕ್ಕಳು ಡೆಸ್ಕಿನ ಮೇಲೆ ಬೆರಳಾಡಿಸ್ತಾರೆ." ಆಕೆ ಕನ್ನಡಕ ಸರಿಮಾಡಿಕೊಂಡರು. "ಪಂಚನಾಮೆಯ ನಕಲು ಯಾವತ್ತು ಸಿಗುತ್ತೆ ಸಾಹೇಬರೆ? ಕೋಣೆಗೆ ಸೀಲು ಹಾಕ್ತೀರಾ?"

ರಿದ್ವಾನ್ ಪೆನ್ನು ನಿಲ್ಲಿಸಿದ. ಹತ್ತೊಂಬತ್ತು ವರ್ಷದಲ್ಲಿ ಅವನು ಎಮ್ಮೆ ಕಳಕೊಂಡವರನ್ನು ಕಂಡಿದ್ದ, ಬಳೆ ಕಳಕೊಂಡವರನ್ನು ಕಂಡಿದ್ದ. ಎಲ್ಲರೂ ಕೇಳುವುದು ಒಂದೇ: ಸಿಗುತ್ತಾ? ಈಕೆ ಅದನ್ನು ಕೇಳಲೇ ಇಲ್ಲ.

"ಸೀಲು ಬೇಡ ಅಂತೀರಾ?"

"ಗುರುವಾರದೊಳಗೆ ಕೋಣೆ ಬೇಕು."

ಗುರುವಾರದ ಮಾತನ್ನು ಇನ್ಸಾಫ್ ಬಿಡಿಸಿ ಹೇಳಿದರು. ಈ ವರ್ಷದಿಂದ ಕೊನೆಯ ತರಗತಿಯ ಪರೀಕ್ಷೆ ಪರದೆಯ ಮೇಲೆ. ವಲಯದ ಶಿಕ್ಷಣ ಕಚೇರಿಯ ಖಜಾನೆಯಲ್ಲಿ ಇದ್ದದ್ದು ಇಪ್ಪತ್ತು ಯಂತ್ರದ ದುಡ್ಡು. ಅಷ್ಟೂ ಒಂದೇ ಶಾಲೆಗೆ. ಸರದಿ ಇವರದೇ. ಆದರೆ 19ರ ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಕೋಣೆ ಖಾಲಿ ಇರಬೇಕು, ಇಲ್ಲದಿದ್ದರೆ ಲಾರಿ ಪಕ್ಕದೂರಿಗೆ ಹೋಗುತ್ತದೆ.

"ಹಳೇದನ್ನ ಹೊರಗಿಡಬಹುದಿತ್ತಲ್ಲ?"

"ಹೇಗಿಡೋದು? ರದ್ದತಿ ಸಮಿತಿ ಬಂದು ನೋಡಿ ಸಹಿ ಹಾಕೋವರೆಗೂ ಒಂದು ವೈರು ಅಲುಗಾಡಬಾರದು. ನಗ್ವಾ ಏಳು ಅರ್ಜಿ ಬರೆದಿದ್ದಾರೆ."

ರಿದ್ವಾನ್ ಕಡತ ತರಿಸಿದ. ಏಳು ಅರ್ಜಿ, ಏಳು ಉತ್ತರ. ಏಳರಲ್ಲೂ ಅದೇ ಸಾಲು: ಸಮಿತಿಯ ಪ್ರಯಾಣ ಭತ್ಯೆಗೆ ಈ ಸಾಲಿನಲ್ಲಿ ಅನುದಾನವಿಲ್ಲ. ಸಮಿತಿಯ ಕಚೇರಿ ಇದ್ದದ್ದು ಹನ್ನೆರಡು ಕಿಲೋಮೀಟರು ದೂರದಲ್ಲಿ.

"ಸಮಿತಿ ಬಿಟ್ಟರೆ ವಹಿಯಿಂದ ಹೆಸರು ಹೊಡೆದು ಹಾಕೋಕೆ ಬೇರೆ ದಾರಿ?"

"ಬೆಂಕಿ. ಇಲ್ಲ ಕಳ್ಳತನ. ಎರಡಕ್ಕೂ ಪೊಲೀಸ್ ಕಾಗದ ಬೇಕು," ಎಂದರು ಇನ್ಸಾಫ್. ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡರು. ಆಮೇಲೆ ಗಟ್ಟಿಯಾಗಿ, "ಬದವಿಯನ್ನ ವಿಚಾರಿಸಿ," ಎಂದರು.

ಸೋಮವಾರ ಬೆಳಿಗ್ಗೆ ಬದವಿಯನ್ನು ಠಾಣೆಯ ಬೆಂಚಿನಲ್ಲಿ ಕೂರಿಸಬೇಕಾಯಿತು. ಶಿಕ್ಷಣ ಕಚೇರಿಯಿಂದ ಮೂರು ಸಲ ಫೋನು ಬಂದಿತ್ತು. ಮುದುಕ ರೊಟ್ಟಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ರಜೆಯಲ್ಲಿ ಗೇಟು ಬಿಟ್ಟು ಯಾವಾಗ ಹೋಗಿದ್ದೆ ಚಿಕ್ಕಪ್ಪ?"

"ಶುಕ್ರವಾರದ ನಮಾಜಿಗೆ. ಎಲ್ಲರೂ ಅಲ್ಲೇ ಇದ್ರು. ನೀವೂ ನನ್ನ ಮುಂದಿನ ಸಾಲಲ್ಲೇ ಇದ್ರಿ."

ಅದು ನಿಜವೇ. ಆದರೂ ಗೇಟಿಗೆ ಬೀಗ ಹಾಕದೆ ಕಾವಲು ಬಿಟ್ಟು ಹೋದದ್ದೂ ನಿಜ. ಕಳ್ಳ ಸಿಗದಿದ್ದರೆ ಅವನ ಕೆಲಸ ಹೋಗುತ್ತಿತ್ತು.

ಶಲಬಿ ಊರಿನ ಮೂರೂ ಗುಜರಿ ಅಂಗಡಿ ಸುತ್ತಿ ಬಂದ. ಅಲ್ಲಿ ಯಾರೂ ಕಂಪ್ಯೂಟರು ಮಾರಿರಲಿಲ್ಲ. 11.30ಕ್ಕೆ ರಿದ್ವಾನ್ ಅವನನ್ನೂ ಕರೆದುಕೊಂಡು ತಾನೇ ಶಾಲೆಯ ಎದುರಿನ, ಕಾಲುವೆ ದಂಡೆಯ ಕರೀಮಾಳ ಗೂಡಂಗಡಿಗೆ ಹೋದ. ಅವಳು ಬೇಯಿಸಿದ ಅವರೆಕಾಳನ್ನು ರೊಟ್ಟಿಗೆ ತುಂಬುತ್ತಿದ್ದಳು.

"ಶುಕ್ರವಾರ ನಮಾಜಿನ ಹೊತ್ತಲ್ಲಿ ಏನಾದ್ರೂ ಗಾಡಿ ಬಂದಿತ್ತಾ?"

"ಬಂದಿತ್ತು. ಬಾತುಕೋಳಿ ಗಾಡಿ."

"ಯಾರದು?"

"ಊರಲ್ಲಿ ಬಾತುಕೋಳಿ ಗಾಡಿ ಎಷ್ಟಿವೆ ಪಾಷಾ? ನಗ್ವಾ ಟೀಚರ ತಮ್ಮಂದು."

"ನಿನ್ನೇನೇ ಯಾಕೆ ಹೇಳಲಿಲ್ಲ?"

"ನಿಮ್ಮ ಹವಾಲ್ದಾರ ನಿನ್ನೆ ಇಲ್ಲೇ ನಿಂತು ಮೂರು ರೊಟ್ಟಿ ತಿಂದ. ಉಪ್ಪಿನಕಾಯಿ ಕೇಳಿದ. ಇದನ್ನ ಕೇಳಲಿಲ್ಲ."

ಶಲಬಿ ಕಾಲುವೆಯ ಕಡೆ ನೋಡತೊಡಗಿದ.

ಸಂಜೆ 4.30ಕ್ಕೆ ಆ ತಮ್ಮನ ಬಾತುಕೋಳಿ ಕೊಟ್ಟಿಗೆಯ ಬಾಗಿಲು ತೆರೆಸಿದರು. ಹಿಂಬದಿಯಲ್ಲಿ ಇಪ್ಪತ್ತೆರಡೂ ಇದ್ದವು. ನೀರು ತಾಗದಂತೆ ಇಟ್ಟಿಗೆಯ ಮೇಲೆ, ಹಳೇ ಹಾಸಿಗೆ ಬಟ್ಟೆ ಹೊದಿಸಿ, ಸರಕಾರಿ ಚೀಟಿ ಹೊರಮುಖವಾಗಿ, ಒಂದರಿಂದ ಇಪ್ಪತ್ತೆರಡರವರೆಗೆ ಅನುಕ್ರಮವಾಗಿ. ರಿದ್ವಾನ್ ವಹಿ ಹಿಡಿದು ಸಂಖ್ಯೆ ಹೋಲಿಸಿದ. ಒಂದೂ ತಪ್ಪಿರಲಿಲ್ಲ.

ನಗ್ವಾ ಶಾಲೆಯಿಂದ ನೇರ ಅಲ್ಲಿಗೇ ಬಂದರು. "ಬದವಿಯನ್ನ ಬಿಟ್ಟುಬಿಡಿ. ಅವನಿಗೇನೂ ಗೊತ್ತಿಲ್ಲ. ತಮ್ಮನಿಗೆ, ರಿಪೇರಿಗೆ ಅಂದಿದ್ದೆ."

"ಕಾಲುವೆಗೆ ಎಸೆದಿದ್ರೆ ನಾವು ಈ ಜನ್ಮದಲ್ಲಿ ಹಿಡೀತಿರಲಿಲ್ಲ."

"ಸರಕಾರದ ಸಾಮಾನು ಸಾಹೇಬರೆ. ನನ್ನ ಸಹಿ ಇದೆ."

"ಕದಿಯೋವಾಗ ಸಹಿ ಇರಲಿಲ್ವಾ?"

"ಇತ್ತು. ಅದಕ್ಕೇ ಜೋಪಾನ ಮಾಡಿದ್ದು."

5.10ಕ್ಕೆ ದಸ್ತಗಿರಿ. ಹೇಳಿಕೆಯಲ್ಲಿ ಆಕೆ ಬರೆಸಿದ್ದು ಹೆಚ್ಚೇನಿಲ್ಲ. ಕಳೆದ ವರ್ಷ ಪ್ರಾಯೋಗಿಕ ಪರೀಕ್ಷೆಗೆ ಅವರ ಹುಡುಗಿಯರು ಪಕ್ಕದೂರಿಗೆ ಹೋಗಿದ್ದರು. ಮೊದಲ ಸಾಲಿನ ಹುಡುಗಿ ಎದ್ದು ನಿಂತು, ಇದನ್ನು ಚಾಲೂ ಮಾಡುವುದು ಎಲ್ಲಿ ಎಂದು ಕೇಳಿದ್ದಳು. ಇಡೀ ಕೋಣೆ ನಕ್ಕಿತ್ತು. ಅವಳು ತರಗತಿಗೇ ಮೊದಲಿಗಳು.

ಸಹಿ ಹಾಕಿದ ಮೇಲೆ ನಗ್ವಾ ಕೇಳಿದ್ದು ಒಂದೇ: "ಇವನ್ನೆಲ್ಲ ಮತ್ತೆ ಶಾಲೆಗೆ ಕಳಿಸ್ತೀರಾ?"

ಕಳಿಸುವುದೇ ವಾಡಿಕೆ. ಠಾಣೆಯಲ್ಲಿ ಜಾಗವಿಲ್ಲ, ಸಿಕ್ಕ ಮಾಲನ್ನು ಅದೇ ದಿನ ವಾರಸುದಾರರಿಗೆ ಒಪ್ಪಿಸಿ ಕೈ ತೊಳೆದುಕೊಳ್ಳುತ್ತಾರೆ. ಹಾಗೆ ಮಾಡಿದರೆ ಕೋಣೆ ಮತ್ತೆ ತುಂಬುತ್ತದೆ, ಲಾರಿ ಪಕ್ಕದೂರಿಗೆ ಹೋಗುತ್ತದೆ. ಪ್ರಕರಣ ಮುಗಿಯುವವರೆಗೆ ಸಾಕ್ಷ್ಯವಾಗಿ ಠಾಣೆಯಲ್ಲೇ ಇಟ್ಟುಕೊಳ್ಳಲೂ ಕಾನೂನಿದೆ. ಅದಕ್ಕೆ ಇನ್‌ಸ್ಪೆಕ್ಟರ್ ತನ್ನ ಹೆಸರಿನಲ್ಲಿ ಸುಪರ್ದಿಗೆ ಸಹಿ ಹಾಕಬೇಕು.

ಶಲಬಿ ಕಿವಿಯ ಹತ್ತಿರ ಬಂದ. "ಬೇಡ ಸಾರ್. ಕೇಸು ಮುಗಿಯೋದು ಯಾವ ಕಾಲಕ್ಕೋ. ಒಂದು ಇಲಿ ವೈರು ಕಡಿದರೂ ನಿಮ್ಮ ಸಂಬಳಕ್ಕೇ ಬರತ್ತೆ."

"ಹಾಗಾದ್ರೆ ಬೆಕ್ಕು ಸಾಕು," ಎಂದು ರಿದ್ವಾನ್ ಇಪ್ಪತ್ತೆರಡು ಕಡೆ ಸಹಿ ಹಾಕಿದ.

ಗುರುವಾರ 11.20ಕ್ಕೆ ಲಾರಿ ಶಾಲೆಯ ಗೇಟಿಗೆ ಬಂತು. ಗೇಟು ತೆರೆದವನು ಬದವಿ.

ಶಾಲೆಗೆ ಇಪ್ಪತ್ತು ಹೊಸ ಯಂತ್ರ ಬಂದವು. ಬದವಿಯ ಕೆಲಸ ಉಳಿಯಿತು. ನಗ್ವಾ ಜಾಮೀನಿನ ಮೇಲೆ ಹೊರಬಂದರು. ಅಮಾನತು, ಅರ್ಧ ಸಂಬಳ, ಮೂರು ವರ್ಷದ ಬಡ್ತಿ ಹೋಯಿತು, ಹೊಸ ಯಂತ್ರದ ಮೇಲೆ ಒಂದು ಪಾಠವನ್ನೂ ಅವರು ಮಾಡಲಿಲ್ಲ. ಠಾಣೆಯ ಹಿಂಬದಿಯ ಕೋಣೆ ತುಂಬಿದೆ. ವಹಿಯಲ್ಲಿ ರಿದ್ವಾನನ ಹೆಸರಿನ ಮುಂದೆ ಅರವತ್ತೆರಡು ಸಾವಿರದ ಏಳುನೂರು ಪೌಂಡಿನ ಸಾಮಾನಿದೆ. ಅವನ ನಿವೃತ್ತಿಗೆ ಇನ್ನು ಹನ್ನೊಂದು ವರ್ಷ.