ಎರಡರಷ್ಟು ಬಟ್ಟೆ

ನೈಟ್ ಡ್ಯೂಟಿ ಮುಗಿಸಿ ಬಂದ ನರ್ಸಮ್ಮನಿಗೆ ಕೋಪ ಮಾಡಿಕೊಳ್ಳಲೂ ತ್ರಾಣವಿರಲಿಲ್ಲ. ಆದರೂ ಹೊಲಿಗೆ ಮಷಿನ್ ಅಂಗಡಿಗೆ ಫೋನ್ ಮಾಡಿ, ನೀವು ಕೊಟ್ಟ ನೆರಿಗೆ ಹಾಕೋ ಅಟ್ಯಾಚ್‌ಮೆಂಟ್ ಕೆಟ್ಟಿದೆ, ನನ್ನ ಬಟ್ಟೆಯೆಲ್ಲ ಹಾಳು ಎಂದು ದಬಾಯಿಸಿದಳು. ಮೆಕ್ಯಾನಿಕ್‌ನನ್ನು ಈಗಲೇ ಕಳಿಸ್ತೀವಿ, ಸೋಮವಾರದಿಂದ ಅವನು ಬೇರೆ ಊರಿನ ಬ್ರಾಂಚಿಗೆ ಹೋಗ್ತಾನೆ ಎಂದರು ಅಂಗಡಿಯವರು. ಅಯ್ಯೋ, ಹೋದರೆ ಹೋಗಲಿ, ತನಗೇನು? ಹಾಗಂದುಕೊಂಡವಳು ಕನ್ನಡಿ ಮುಂದೆ ಯಾಕೆ ನಿಂತಳೋ, ಅವಳನ್ನೇ ಕೇಳಬೇಕು.

ವಯಸ್ಸು ನಲವತ್ತಕ್ಕೆ ಎರಡು ಕಮ್ಮಿ. ತಂಗಿಯ ಮದುವೆ ಬಟ್ಟೆ, ಅವಳ ಮಕ್ಕಳ ಫ್ರಾಕು, ಅಣ್ಣನ ಮನೆ ಕರ್ಟನ್ನು, ಎಲ್ಲ ಹೊಲಿದು ಕೊಟ್ಟು ಸೊಂಟ ಬಿದ್ದುಹೋಗಿತ್ತು. ಈ ಸಲ ತನಗೇ ಅಂತ ಒಂದು ಉದ್ದ ಸ್ಕರ್ಟ್, ಕೆಳಗೆ ಸುತ್ತಲೂ ಫ್ರಿಲ್. ಈ ವಯಸ್ಸಲ್ಲಿ ಯಾರಿಗೆ ತೋರಿಸೋಕೆ ಅಂತ ಅತ್ತಿಗೆ ಕೊಂಕು ನುಡಿದಿದ್ದಳು. ತೋರಿಸಬೇಕಾದವನು ಇದ್ದ. ಇದೇ ಮೆಕ್ಯಾನಿಕ್. ಹೋದ ವಾರ ಬಂದು, ಅಟ್ಯಾಚ್‌ಮೆಂಟಿನ ಕವಲುಗೈಯನ್ನು ಸೂಜಿಯ ಸ್ಕ್ರೂಗೆ ಹೇಗೆ ಸಿಗಿಸಬೇಕು ಅಂತ ಮೂರು ಸಲ ತೋರಿಸಿದ್ದ. ಮೂರು ಸಲವೂ ಅವಳು ನೋಡಿದ್ದು ಅವನ ಬೆರಳುಗಳನ್ನು.

ಅವನು ಬಂದ. ಅವನ ಮುಖವೂ ಸೋತಿತ್ತು. ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದ ತಾಯಿ ತೀರಿಕೊಂಡ ಮೇಲೆ ಮನೆಗೆ ಹೋಗೋಕೇ ಬೇಜಾರು ಎಂದು ಹೋದ ವಾರ ಹೇಳಿದ್ದ. ಮಷಿನ್ ಮುಂದೆ ಕೂತು ಒಂದು ತುಂಡು ಬಟ್ಟೆ ಓಡಿಸಿದ. ನೆರಿಗೆ ಚೆನ್ನಾಗಿಯೇ ಬಿತ್ತು. ಆಮೇಲೆ ಅವಳ ಸ್ಕರ್ಟ್ ನೋಡಿದ. ಸ್ಕರ್ಟಿನ ಸುತ್ತಳತೆ ಎಷ್ಟೋ ಅಷ್ಟೇ ಉದ್ದದ ಪಟ್ಟಿಯನ್ನು ಫ್ರಿಲ್ಲಿಗೆ ಕತ್ತರಿಸಿದ್ದಳು ಪುಣ್ಯಾತ್ಗಿತ್ತಿ. ನೆರಿಗೆ ಬಿದ್ದ ಮೇಲೆ ಅದು ಅರ್ಧ ಸ್ಕರ್ಟಿಗೇ ಮುಗಿದಿತ್ತು.

"ಫ್ರಿಲ್ಲಿಗೆ ಎರಡರಷ್ಟು ಬಟ್ಟೆ ಬೇಕು. ನಾನು ಹೇಳಬೇಕಿತ್ತು," ಎಂದ ನೆಲ ನೋಡುತ್ತಾ.

"ಯಾಕೆ ಹೇಳಲಿಲ್ಲ?"

"ಹದಿನೆಂಟು ವರ್ಷದಿಂದ ಎಲ್ಲರಿಗೂ ಮೊದಲು ಇದನ್ನೇ ಹೇಳ್ತೀನಿ. ಅವತ್ತು ನೀವು ಪಕ್ಕದಲ್ಲೇ ಬಗ್ಗಿ ನಿಂತಿದ್ರಿ. ನನಗೆ ಮರೆತೇ ಹೋಯ್ತು."

ಅವಳಿಗೆ ನಗು ಬಂತು, ಕಣ್ಣೂ ತುಂಬಿತು. ದಣಿದವರಿಗೆ ಎರಡೂ ಒಟ್ಟಿಗೇ ಬರುತ್ತವೆ.

ಸೋಮವಾರ ಹೋಗ್ತೀರಂತಲ್ಲ ಎಂದು ಕೇಳಿದಳು. ಇಲ್ಲಿ ನನಗ್ಯಾರಿದ್ದಾರೆ ಅಂತ ಒಪ್ಪಿಕೊಂಡೆ, ಬೇಡ ಅನ್ನೋಕೆ ಇವತ್ತು ಸಂಜೆವರೆಗೆ ಟೈಮಿದೆ ಎಂದು ಹೇಳಿ ಅವಳ ಮುಖವನ್ನೇ ನೋಡಿದ. ಈಗ ಬಾಯಿ ಬಿಡದಿದ್ದರೆ ಇನ್ನು ಇಲ್ಲ ಅನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ನಂಗೆ ನಿಮ್ಮ ಮೇಲೆ ಮನಸ್ಸಾಗಿದೆ," ಎಂದಳು. "ಆದ್ರೆ ನಾನು ತುಂಬಾ ಸುಸ್ತಾಗಿದ್ದೀನಿ. ಈ ಪ್ರೀತಿ ಪ್ರೇಮ ಅಂತ ಓಡಾಡೋದೆಲ್ಲ ನನ್ನ ಕೈಲಾಗಲ್ಲ."

"ನನ್ನ ಕೈಲೂ ಆಗಲ್ಲ. ಪಕ್ಕದಲ್ಲಿ ಕೂತಿರೋಕೆ ಆಗುತ್ತೆ."

ಅಲ್ಲೇ ಅಂಗಡಿಗೆ ಫೋನ್ ಮಾಡಿ, ಬ್ರಾಂಚಿಗೆ ಹೋಗಲ್ಲ ಎಂದ. ಆ ಕಡೆಯಿಂದ ಬಂದ ಬೈಗುಳ ಅವಳಿಗೂ ಕೇಳಿಸಿತು. ಅವನು ಹೂಂ ಹೂಂ ಎನ್ನುತ್ತಾ ಸಹಿಸಿಕೊಂಡು, ಅವಳ ಪಕ್ಕ ಬಂದು ಸೋಫಾದಲ್ಲಿ ಕೂತ.

ಅವಳ ಕಣ್ಣು ಎಳೆಯುತ್ತಿತ್ತು. ಊರವರೆಲ್ಲ ಮಲಗಿದಾಗ ಎದ್ದಿರುವುದೇ ಇಷ್ಟು ವರ್ಷ ಅವಳ ಕೆಲಸವಾಗಿತ್ತು.

"ನಾನು ನಿದ್ದೆ ಹೋದ್ರೆ ಹೇಳದೆ ಎದ್ದು ಹೋಗ್ಬಿಡ್ಬೇಡಿ."

"ಹೋಗಲ್ಲ. ಮಲ್ಕೊಳ್ಳಿ."

ಎಚ್ಚರವಾದಾಗ ಮಧ್ಯಾಹ್ನ ಮೂರು ಗಂಟೆ. ಅವಳ ತಲೆ ಅವನ ತೋಳ ಮೇಲಿತ್ತು. ತೋಳು ಜೋಮು ಹಿಡಿದಿದ್ದರೂ ಅವನು ಅಲುಗಾಡದೆ ಕೂತಿದ್ದ.