ಇಪ್ಪತ್ತೆರಡು ಗ್ರಾಂ

"ತಕ್ಕಡ್ಯಾಗ ಮಾತ್ರ ಇಡಬ್ಯಾಡ ತಮ್ಮಾ. ಬರೇ ಕಣ್ಣಿಲೆ ನೋಡಿ ಹೇಳು."

ಲಂಡನ್ನಿನಲ್ಲಿ ನೆಲೆಸಿದ್ದ ವಿಜಯಪುರದ ಮುದುಕಿ ರತ್ನಾಬಾಯಿ ಕ್ವೀನ್ಸ್‌ಬರಿಯಿಂದ ಬಸ್ಸಿನಲ್ಲಿ ಬಂದು, ಅರಿಶಿನ ಬಟ್ಟೆಯ ಗಂಟೊಂದನ್ನು ಸೂರಜನ ಮೇಜಿನ ಮೇಲಿಟ್ಟರು. ಹಿಂದೆ ದಾಯಾದಿಗಳು ಮಾಟ ಮಾಡಿಸಿ ಮನೆಗೆ ಹೊಗಿಸಿದ ಬೆಳ್ಳಿ ನಾಣ್ಯವಂತೆ. ಗಾಜಿನ ಪೆಟ್ಟಿಗೆಯಲ್ಲಿಟ್ಟು ಮುಟ್ಟದೆ ನೋಡುವವರಿಗೆ ಮಾರಿಕೊಡಬೇಕಂತೆ.

ಸೂರಜ ಬಾಯಿ ತುಂಬ ನಕ್ಕ. ಹಳೆ ನಾಣ್ಯಗಳಿಗೆ ಬೆಲೆ ಕಟ್ಟುವ ಕೆಲಸ ಹಿಡಿದು ಲಂಡನ್ನಿಗೆ ಬಂದು ವರ್ಷವಾಗಿರಲಿಲ್ಲ, ಜಂಭಕ್ಕೇನೂ ಕೊರತೆಯಿರಲಿಲ್ಲ. ತೂಗದೆ ಬೆಳ್ಳಿಯನ್ನು ನಂಬುವುದುಂಟೆ? ಅಜ್ಜಿ ಹೋದದ್ದೇ ತಡ, ಕೊಲಿಂಡೇಲ್‌ನ ತನ್ನ ಎಂಟನೇ ಮಹಡಿಯ ಫ್ಲಾಟಿನಲ್ಲಿ ಗಂಟು ಬಿಚ್ಚಿದ. ಸುಟ್ಟ ಕೂದಲಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಕಪ್ಪಿಟ್ಟ ಬೆಳ್ಳಿ, ಪ್ರಶ್ಯದ ರಾಜನ ಮುಖ, ಅದರಡಿ ಬರ್ಲಿನ್ ಟಂಕಸಾಲೆಯ 'ಎ' ಗುರುತು. ಅಸಲಿ ಜರ್ಮನ್ ಥಾಲರ್. ತೂಗಿದ. ಇಪ್ಪತ್ತೆರಡು ಗ್ರಾಂ, ಪುಸ್ತಕದಲ್ಲಿದ್ದಷ್ಟೇ. ಒಳಗೆ ಐದು ತಿಂಗಳ ಮಗಳು ಪ್ರಾಚಿ ಹಾಲು ಬಿಟ್ಟು ಕೀರಲು ದನಿಯಲ್ಲಿ ಅತ್ತಳು.

ಮರುದಿನ ತೂಕದ ಯಂತ್ರ ಅರವತ್ತೆರಡು ತೋರಿಸಿತು. ಯಂತ್ರ ಕೆಟ್ಟಿದೆಯೆಂದು ಬೈದು ಹೊಸದು ತರಿಸಿದ. ವಾರ ತುಂಬಿದ ದಿನ ಮುನ್ನೂರ ಎರಡು. ಅಂದೇ ಹೆಂಡತಿ ಸುವರ್ಣಾ ಕ್ಲಿನಿಕ್ಕಿನಿಂದ ಅಳುತ್ತ ಬಂದು, ಮಗುವಿನ ತೂಕ ಬರೆಯುವ ಕೆಂಪು ಪುಸ್ತಕ ಚಾಚಿದಳು. ವಾರದಲ್ಲಿ ಇನ್ನೂರ ಎಂಬತ್ತು ಗ್ರಾಂ ಇಳಿದಿತ್ತು. ಜಿಪಿ ಡಾಕ್ಟರಿಗೆ ಕಾಯಿಲೆಯೇ ಸಿಕ್ಕಿರಲಿಲ್ಲ.

ಸೂರಜ ಮನಸ್ಸಿನಲ್ಲೇ ಕಳೆದು ನೋಡಿದ. ನಾಣ್ಯಕ್ಕೆ ಏರಿದ್ದೂ ಅಷ್ಟೇ. ರತ್ನಾಬಾಯಿಗೆ ಫೋನ್ ಹಚ್ಚಿದ.

"ತೂಗಿದಿ, ಹೌದಲ್ಲ?" ಆಕೆ ಕೇಳಿದರು. "ಅದರ ಮ್ಯಾಲೆ ಬೆರಳಿಟ್ಟು ಕೂಸಿನ ಬದಲಿ ಒಂದು ಹೆಸರು ಹೇಳಬೇಕು. ನನ್ನ ಮಗ ಹಿಂಗ ಸೊರಗಿದಾಗ ನಮ್ಮ ಯಜಮಾನ್ರು ತಮ್ಮ ಹೆಸರು ಹೇಳಿದ್ರು. ವರ್ಷ ತುಂಬೋದ್ರಾಗ ಕಡ್ಡಿ ಆಗಿ ಹೋದ್ರು. ಹೋದ ದಿನ ನಾಣ್ಯ ಮತ್ತ ಹಗುರಾತು."

ಸೂರಜ ಬೆರಳಿಟ್ಟ. ಮಂಜಿನಷ್ಟು ತಣ್ಣಗೆ. ನಾಣ್ಯದೊಳಗೇನೋ ಮಿಡಿಯಿತು. ಸುಟ್ಟ ವಾಸನೆ ಗಂಟಲಿಗಿಳಿಯಿತು. ತನ್ನ ಹೆಸರು ನಾಲಿಗೆಯವರೆಗೆ ಬಂತು. ಹೊರಡಲಿಲ್ಲ. ಮಗುವಿನ ಅಳು ಸಣ್ಣದಾಯಿತು. ಇನ್ನೂ ಸಣ್ಣದಾಯಿತು. ನಿಂತಿತು. ಸುವರ್ಣಾ ಕಿರುಚಿದಳು.

"ರತ್ನಾಬಾಯಿ," ಎಂದ.

ಫೋನು ಇನ್ನೂ ಕಿವಿಯಲ್ಲೇ ಇತ್ತು.

"ಕೇಳಿಸ್ತು ತಮ್ಮಾ," ಎಂದರು ಆಕೆ.

ಒಳಗೆ ಪ್ರಾಚಿ ಹಸಿದು ಜೋರಾಗಿ ಅತ್ತಳು. ತಕ್ಕಡಿಯ ಮೇಲಿದ್ದ ನಾಣ್ಯ ಸರ್ರನೆ ಇಪ್ಪತ್ತೆರಡಕ್ಕಿಳಿಯಿತು. ಮರುದಿನ ಅರವತ್ತೆರಡಾಯಿತು.

ಮಗು ಈಗ ದುಂಡಗಾಗಿದೆ. ಕ್ವೀನ್ಸ್‌ಬರಿಗೆ ಹೋಗುವ ಮುಖ ಅವನಿಗಿಲ್ಲ. ದಿನಾ ಬೆಳಗ್ಗೆ ತೂಗುತ್ತಾನೆ. ತೂಕ ಇನ್ನೂ ಏರುತ್ತಿದ್ದರೆ, ಅಜ್ಜಿ ಇವತ್ತೂ ಬದುಕಿದ್ದಾರೆಂದು ತಿಳಿದು ಚಹಾ ಕುಡಿಯುತ್ತಾನೆ.